ಕಲ್ಲಿನ ಡ್ರಾಯರ್‌ಗಳನ್ನು ಬರಿದು ಮಾಡುವ ಮುನ್ನ: ಮುಂಬಯಿಯ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ ಮಹಾನಗರದ ಕಾಲೇಜುಗಳ ಆಡಳಿತ ಮಂಡಳಿಗಳಿಗೆ, ಪ್ರಾಂಶುಪಾಲರಿಗೆ ಹಾಗೂ ಈ ನಗರದಲ್ಲಿ ನೆಲೆಸಿರುವ ಕನ್ನಡ ಬಾಂಧವರಿಗೆ ನಮಸ್ಕಾರಗಳು.

ಮಾನ್ಯರೇ,

ನಾನು ಈ ನಗರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೂವಿಜ್ಞಾನವನ್ನು ಕಲಿಸಿ ನಿವೃತ್ತನಾದವನು. ತಮ್ಮ ಸುಪರ್ದಿನಲ್ಲೇ ಇದ್ದರೂ ಬೀಗ ಹಾಕಿದ ಕೋಣೆಗಳಲ್ಲಿರುವುದರಿಂದ ತಮ್ಮಲ್ಲಿ ಅನೇಕರು ನೋಡಿರಲಾರದ ಒಂದು ಸಂಗ್ರಹದ ಪರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಪಾಠಕ್ಕೆಂದು ಹಿಂದಿನವರು ತರಿಸಿಟ್ಟ ಪಳೆಯುಳಿಕೆಗಳು, ಅವುಗಳಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಗಾಜಿನ ಸ್ಪಂಜುಗಳ ಪಳೆಯುಳಿಕೆಗಳು, ವಿಭಾಗ ಮುಚ್ಚಿದ ಮರುದಿನವೇ ಕಸವಾಗಬಾರದು ಎಂಬುದಷ್ಟೇ ನನ್ನ ವಿನಂತಿ. ವಿನಂತಿ ಚಿಕ್ಕದು, ಅದರ ಕಾರಣವನ್ನು ಹೇಳಲು ಸ್ವಲ್ಪ ಜಾಗ ಬೇಕಾಗುತ್ತದೆ.

ಕಳೆದ ವರ್ಷ ಜೂನ್ ಕೊನೆಯಲ್ಲಿ, ಪಿಂಚಣಿಗೆ ಸಂಬಂಧಿಸಿದ ಕಾಗದವೊಂದಕ್ಕಾಗಿ ನಾನು ಕಲಿಸುತ್ತಿದ್ದ ಕಾಲೇಜಿಗೆ ಹೋಗಿದ್ದೆ. ಎರಡನೆಯ ಮಹಡಿಯ ನಮ್ಮ ಪ್ರಯೋಗಶಾಲೆಯನ್ನು ಕಂಪ್ಯೂಟರ್ ಕೋಣೆಯಾಗಿ ಮಾರ್ಪಡಿಸುವ ಕೆಲಸ ನಡೆದಿತ್ತು. ಸಾಗವಾನಿಯ ಮೂರು ಕಪಾಟುಗಳು ವರಾಂಡದಲ್ಲಿ ನಿಂತಿದ್ದವು. ಅವುಗಳ ಡ್ರಾಯರ್‌ಗಳೆಲ್ಲ ಖಾಲಿಯಾಗಿದ್ದವು. ಅದರಲ್ಲಿದ್ದ ಕಲ್ಲುಗಳನ್ನು ಸಿಮೆಂಟಿನ ಹಳೆಯ ಚೀಲಗಳಿಗೆ ಸುರಿದು, ಮೆಟ್ಟಿಲ ಬಳಿ ಮಳೆಯ ಎರಚಲು ಬೀಳುವಲ್ಲಿ ಸಾಲಾಗಿ ಇಟ್ಟಿದ್ದರು. ಅಕ್ಕಲಕೋಟೆಯ ಕಡೆಯ ಶಿಪಾಯಿಯೊಬ್ಬರು, ಮೊದಲಿನಿಂದಲೂ ನನ್ನೊಡನೆ ಕನ್ನಡದಲ್ಲೇ ಮಾತನಾಡುವವರು, ನನ್ನ ಮುಖ ನೋಡಿ, "ಸರ್, ಕಟ್ಟಿಗಿಗೆ ರೇಟ್ ಬಂದೈತ್ರಿ. ಕಲ್ಲಿಗೆ ಏನೂ ಕೊಡಂಗಿಲ್ಲ ಅಂದಾನ್ರಿ ಭಂಗಾರದವ" ಎಂದರು. ಭಂಗಾರದವ ಎಂದರೆ ಇಲ್ಲಿ ಗುಜರಿಯವ. ಅವರದೇನೂ ತಪ್ಪಿರಲಿಲ್ಲ. ಅವರಿಗೆ ಬಂದ ಆದೇಶದಲ್ಲಿ ಕಪಾಟುಗಳ ಸಂಖ್ಯೆ ಇತ್ತು, ಕಲ್ಲುಗಳ ವಿಷಯವೇ ಇರಲಿಲ್ಲ.

ಒಂದು ಚೀಲವನ್ನು ಅವರ ಸಹಾಯದಿಂದಲೇ ಬಿಚ್ಚಿ ನೋಡಿದೆ. ಚೀಲದ ತಳದಲ್ಲಿ ಹಳದಿಗಟ್ಟಿದ ಚೀಟಿಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಅಕ್ಷರಗಳು ಬೆರಳಿಗೆ ಬಂದವು. ಕಚೇರಿಯವರ ಒಪ್ಪಿಗೆ ಪಡೆದು ಒಂದು ಕಲ್ಲನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ತಂದೆ. ಮುಂದಿನ ವಾರ ಚೀಲಗಳಿಗಾಗಿ ಟೆಂಪೊ ಮಾಡಿಕೊಂಡು ಹೋದಾಗ ಅವು ಅಲ್ಲಿರಲಿಲ್ಲ; ಕಟ್ಟಡದ ಕೆಲಸದ ಕಸದ ಜೊತೆಗೆ ಹೋಗಿದ್ದವು.

ಆ ಕಲ್ಲು ಈಗ ನನ್ನ ಮೇಜಿನ ಮೇಲಿದೆ. ಅಂಗೈಯಷ್ಟು ಉದ್ದ, ಎಣ್ಣೆ ಸುರಿಯುವ ಲಾಳಿಕೆಯ ಆಕಾರ, ಬುಡದಲ್ಲಿ ಬೇರಿನಂತೆ ಕವಲೊಡೆದ ಎರಡು ಮೂರು ತುಂಡುಗಳು. ಸುತ್ತಲಿನದು ಸೀಮೆಸುಣ್ಣದ ಬಿಳಿಯ ಕಲ್ಲು, ಲಾಳಿಕೆಯ ಗೋಡೆ ಮಾತ್ರ ತುಕ್ಕಿನ ಬಣ್ಣ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿದರೆ ಆ ತುಕ್ಕಿನ ಬಣ್ಣವೆಲ್ಲ ಜಾಲರಿಯಾಗಿ ಬಿಡಿಸಿಕೊಳ್ಳುತ್ತದೆ. ಇದು ವೆಂಟ್ರಿಕ್ಯುಲೈಟಿಸ್ ಎಂಬ ಗಾಜಿನ ಸ್ಪಂಜು. ಈ ಕುಲಕ್ಕೆ 1822ರಲ್ಲಿ ಹೆಸರಿಟ್ಟವರು ಗಿಡಿಯನ್ ಮ್ಯಾಂಟೆಲ್ ಎಂಬ ಇಂಗ್ಲಿಷ್ ವೈದ್ಯರು. ಸುಮಾರು 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಕ್ರಿಟೇಶಿಯಸ್ ಯುಗದ ಸಮುದ್ರಗಳಲ್ಲಿ ಹೇರಳವಾಗಿದ್ದ ಈ ಜೀವಿ ಇಂದು ಎಲ್ಲಿಯೂ ಇಲ್ಲ.

ಸ್ಪಂಜು ಎಂದಾಗ ಸ್ನಾನದ ಕೋಣೆಯ ಮೆತ್ತನೆಯ ವಸ್ತು ನೆನಪಾಗುವುದು ಸಹಜ. ಗಾಜಿನ ಸ್ಪಂಜು ಅದರ ದೂರದ ನೆಂಟ ಮಾತ್ರ. ಇದರ ಅಸ್ಥಿಪಂಜರ ಸಿಲಿಕಾದಿಂದ, ಎಂದರೆ ಕಿಟಕಿಯ ಗಾಜಿನ ಮೂಲದ್ರವ್ಯದಿಂದಲೇ ಆದದ್ದು. ಸಮುದ್ರದ ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿಕೊಂಡು, ಯಾವ ಕುಲುಮೆಯೂ ಇಲ್ಲದೆ, ತಣ್ಣನೆಯ ಕತ್ತಲಿನಲ್ಲಿ ಅದು ಸೂಕ್ಷ್ಮವಾದ ಗಾಜಿನ ಮುಳ್ಳುಗಳನ್ನು ಕಟ್ಟುತ್ತದೆ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ನಿಂತು, ನೆತ್ತಿಯ ಮೇಲಕ್ಕೊಂದು, ಕಾಲ ಕೆಳಕ್ಕೊಂದು ದಾರಿಯನ್ನೂ ಊಹಿಸಿಕೊಂಡರೆ ಆ ಮುಳ್ಳಿನ ರೂಪ ಮನಸ್ಸಿಗೆ ಬರುತ್ತದೆ: ಒಂದಕ್ಕೊಂದು ಲಂಬವಾದ ಮೂರು ಗೆರೆಗಳು, ಆರು ತುದಿಗಳು. ಈ ಆರು ತುದಿಗಳೇ ಇಡೀ ವರ್ಗದ ಗುರುತು. ಜೀವಂತ ಗಾಜಿನ ಸ್ಪಂಜಿನ ಮೈಯಲ್ಲಿ ಜೀವಕೋಶಗಳು ಬಹುಪಾಲು ಬೇರೆ ಬೇರೆಯಾಗಿರದೆ ಒಂದರೊಳಗೊಂದು ಕೂಡಿಹೋಗಿರುತ್ತವೆ. ಆದರೆ ಆ ಮೃದುವಾದ ಮೈ ಕಲ್ಲಾಗಿ ಉಳಿಯುವುದು ಬಲು ಅಪರೂಪ. ಸಾಮಾನ್ಯವಾಗಿ ನಮ್ಮ ಕೈಗೆ ಬರುವುದು ಗಾಜಿನ ಚೌಕಟ್ಟು.

ಅದೂ ಎಲ್ಲ ಸ್ಪಂಜುಗಳದ್ದಲ್ಲ. ಕೆಲವು ಪಂಗಡಗಳಲ್ಲಿ ಮುಳ್ಳುಗಳು ಬಿಡಿಬಿಡಿಯಾಗಿರುತ್ತವೆ, ಜೀವಿ ಸತ್ತೊಡನೆ ಕೆಸರಿನಲ್ಲಿ ಚದುರಿಹೋಗುತ್ತವೆ. ಇನ್ನು ಕೆಲವದರಲ್ಲಿ ಮುಳ್ಳಿಗೆ ಮುಳ್ಳು ಬೆಸುಗೆಯಾಗಿ ಗಟ್ಟಿಯಾದ ಜಾಲರಿಯಾಗುತ್ತದೆ. ಜೀವ ಹೋದ ಮೇಲೂ ನಿಂತೇ ಇರುವ ಆ ಜಾಲರಿಯ ಮೇಲೆ ಮುಂದಿನ ಪೀಳಿಗೆಯ ಮರಿಗಳು ಬೇರೂರುತ್ತವೆ, ಹೀಗೆ ಒಂದರ ಮೇಲೊಂದು ಬೆಳೆದು ದಿಬ್ಬವೇ ಏಳುತ್ತದೆ. ನನ್ನ ಮೇಜಿನ ಮೇಲಿನದು ಈ ಎರಡನೆಯ ಬಗೆಯದು. ಅದರ ಜಾಲರಿಯ ತೆಳುವಾದ ಚೂರೊಂದನ್ನು ಮೈಕ್ರೊಸ್ಕೋಪಿನಡಿ ಇಟ್ಟರೆ, ಕಡ್ಡಿಗಳು ಕೂಡುವ ಪ್ರತಿಯೊಂದು ಗಂಟಿನಲ್ಲೂ ಸುತ್ತ ಓರೆಯಾಗಿ ಹಾದ ಪುಟ್ಟ ಆಸರೆಗಳು, ಮಧ್ಯೆ ಟೊಳ್ಳು. ನಮ್ಮ ಕರಾವಳಿಯಲ್ಲಿ ದೀಪಾವಳಿಗೆ ಬಿದಿರ ಕಡ್ಡಿ ಕಟ್ಟಿ ಮಾಡುವ ಗೂಡುದೀಪದ ಚೌಕಟ್ಟು ಯಥಾವತ್ತಾಗಿ ಹಾಗೆಯೇ ಇರುತ್ತದೆ. ವಿಜ್ಞಾನಿಗಳಿಗೂ ದೀಪವೇ ತೋಚಿತು: ಈ ಗಣದ ಹೆಸರಾದ ಲಿಕ್ನಿಸ್ಕೋಸಾ ಎಂಬುದರ ಬೇರು ದೀಪ ಎಂಬ ಅರ್ಥದ ಗ್ರೀಕ್ ಪದದಲ್ಲಿದೆ. ಜುರಾಸಿಕ್ ಮತ್ತು ಕ್ರಿಟೇಶಿಯಸ್ ಯುಗಗಳಲ್ಲಿ ಸಮುದ್ರದ ತಳವನ್ನೇ ತುಂಬಿದ್ದ ಈ ಗಣದಲ್ಲಿ ಇಂದು ಬದುಕಿರುವ ಪ್ರಭೇದಗಳು ಬೆರಳೆಣಿಕೆಯವು. ಪ್ರತಿ ವರ್ಷ ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳು ಆ ಗೂಡುದೀಪಗಳನ್ನು ಮೊದಲ ಸಲ ನೋಡಿ ಲೆನ್ಸಿನಿಂದ ಕಣ್ಣು ತೆಗೆಯದೆ ನಿಂತದ್ದನ್ನು ನಾನು ಕಂಡಿದ್ದೇನೆ. ಪಠ್ಯಪುಸ್ತಕದ ಚಿತ್ರ ಆ ಕೆಲಸವನ್ನು ಮಾಡಲಾರದು.

ಕಲ್ಲನ್ನು ಇಟ್ಟುಕೊಳ್ಳುವುದೇಕೆ, ಫೋಟೊ ಸಾಲದೇ ಎಂದು ತಾವು ಕೇಳಬಹುದು. ಗಾಜಿನ ಸ್ಪಂಜುಗಳ ಅಧ್ಯಯನದ ಚರಿತ್ರೆಯೇ ಇದಕ್ಕೆ ಉತ್ತರ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಜುರಾಸಿಕ್‌ಗಿಂತ ಬಹಳ ಹಿಂದಿನ ಡೆವೋನಿಯನ್ ಯುಗದ ಮರಳುಗಲ್ಲುಗಳಲ್ಲಿ ಸಿಗುವ, ಬುಟ್ಟಿ ಹೆಣೆದಂತೆ ಚೌಕಚೌಕವಾದ ಗುರುತುಗಳಿರುವ ಪಳೆಯುಳಿಕೆಗಳನ್ನು ಆರಂಭದಲ್ಲಿ ಸಮುದ್ರಪಾಚಿ ಎಂದು ಭಾವಿಸಿದ್ದರು. ಡಿಕ್ಟಿಯೋಫೈಟಾನ್, ಎಂದರೆ ಜಾಲರಿಯ ಸಸ್ಯ, ಎಂಬ ಹೆಸರೂ ಬಂತು. ಅವು ಗಿಡಗಳಲ್ಲ, ಗಾಜಿನ ಸ್ಪಂಜುಗಳು ಎಂದು ಗೊತ್ತಾದದ್ದು ಮಾದರಿಗಳನ್ನೇ ಕೈಗೆತ್ತಿಕೊಂಡು ಸೂಕ್ಷ್ಮವಾಗಿ ನೋಡಿದ ಮೇಲೆ. 1877ರ ಹೊತ್ತಿಗೆ ಜರ್ಮನಿಯ ಕಾರ್ಲ್ ಜಿಟೆಲ್ ಪಳೆಯುಳಿಕೆ ಸ್ಪಂಜುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಎಷ್ಟೋ ಮಾದರಿಗಳಲ್ಲಿ ಮೂಲದ ಗಾಜು ಕರಗಿಹೋಗಿ ಅದರ ಜಾಗದಲ್ಲಿ ಸುಣ್ಣದ ಖನಿಜವಾದ ಕ್ಯಾಲ್ಸೈಟ್ ತುಂಬಿಕೊಂಡಿದೆ ಎಂದು ತೋರಿಸಿಕೊಟ್ಟರು. ಸುಣ್ಣದ ಅಸ್ಥಿಪಂಜರ ಕಂಡೊಡನೆ ಸುಣ್ಣದ ಸ್ಪಂಜು ಎಂದು ತೀರ್ಮಾನಿಸುವ ತಪ್ಪು ಅಲ್ಲಿಗೆ ನಿಂತಿತು. ಕರಗಿದ ಗಾಜು ಎಲ್ಲಿಗೂ ಮಾಯವಾಗಿರಲಿಲ್ಲ. ಸೀಮೆಸುಣ್ಣದ ಬಂಡೆಗಳ ನಡುವೆ ಸಾಲುಸಾಲಾಗಿ ಸಿಗುವ ಫ್ಲಿಂಟ್ ಎಂಬ ಗಟ್ಟಿಯಾದ ಚಕಮಕಿ ಕಲ್ಲುಗಳಲ್ಲಿ ಅದು ಹೆಪ್ಪುಗಟ್ಟಿದೆ. ಅಂತಹ ಕಲ್ಲನ್ನು ಒಡೆದಾಗ ನಡುವೆ ಸ್ಪಂಜಿನ ಆಕೃತಿ ಕಾಣಸಿಗುವುದುಂಟು.

ಇದಕ್ಕಿಂತಲೂ ದೊಡ್ಡ ನಿದರ್ಶನ ನಮ್ಮ ಕಾಲದ್ದು. ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ, ಸುಮಾರು 15 ಕೋಟಿ ವರ್ಷಗಳಿಗೂ ಹಿಂದೆ, ಈಗ ಇಲ್ಲದ ಟೆಥಿಸ್ ಎಂಬ ಪುರಾತನ ಸಮುದ್ರದ ಉತ್ತರದ ಅಂಚಿನುದ್ದಕ್ಕೂ ಗಾಜಿನ ಸ್ಪಂಜುಗಳ ದಿಬ್ಬಗಳಿದ್ದವು. ಇಂದಿನ ಸ್ಪೇನ್, ಫ್ರಾನ್ಸ್, ಜರ್ಮನಿ, ಪೋಲೆಂಡ್, ರೊಮೇನಿಯಾಗಳಲ್ಲಿ ಅವುಗಳ ಬಂಡೆಗಳಿವೆ. ಆ ಪಟ್ಟಿಯ ಉದ್ದ ಸುಮಾರು 7,000 ಕಿಲೋಮೀಟರ್ ಎಂದು ಅಂದಾಜಿಸಿದ್ದಾರೆ. ಕ್ರಿಟೇಶಿಯಸ್ ಯುಗದ ನಂತರ ಅಂತಹ ದಿಬ್ಬಗಳ ಸುಳಿವೇ ಸಿಗಲಿಲ್ಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಹೆಚ್ಚಿ ಮೇಲ್ಮೈ ನೀರಿನ ಸಿಲಿಕಾವನ್ನು ಬಹುಪಾಲು ಬಳಸಿಕೊಂಡದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಎನ್ನುತ್ತಾರೆ. ಉಳಿದ ಗಾಜಿನ ಸ್ಪಂಜುಗಳು ಬಹುಮಟ್ಟಿಗೆ ಆಳಕ್ಕೆ ಸರಿದವು, ದಿಬ್ಬ ಕಟ್ಟುವ ಪದ್ಧತಿ ಕಲ್ಲಿನಲ್ಲಿ ಮಾತ್ರ ಉಳಿಯಿತು ಎಂದೇ ಎಲ್ಲರೂ ತಿಳಿದಿದ್ದರು. 1987ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಹೆಕೇಟ್ ಜಲಸಂಧಿಯ ತಳವನ್ನು ನಕ್ಷೆ ಮಾಡುತ್ತಿದ್ದ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ಸುಮಾರು 200 ಮೀಟರ್ ಆಳದಲ್ಲಿ ವಿಚಿತ್ರವಾದ ದಿಬ್ಬಗಳು ಗೋಚರಿಸಿದವು. ಅವು ಜೀವಂತ ಗಾಜಿನ ಸ್ಪಂಜುಗಳ ದಿಬ್ಬಗಳು. ಸುಮಾರು 9,000 ವರ್ಷಗಳಿಂದ ಬೆಳೆಯುತ್ತಾ ಬಂದು, ಕೆಲವು ಕಡೆ ಆರೇಳು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಎದ್ದಿದ್ದವು.

ಇಲ್ಲಿ ತಾವು ಗಮನಿಸಬೇಕೆಂದು ನಾನು ಕೈಮುಗಿದು ಕೇಳುವ ಸಂಗತಿ ಇಷ್ಟು: ಆ ದಿಬ್ಬಗಳ ಅಧ್ಯಯನಕ್ಕೆ ಕೆನಡಾದವರ ಜೊತೆಗೂಡಿದವರಲ್ಲಿ ಜರ್ಮನಿಯ ಮ್ಯಾನ್‌ಫ್ರೆಡ್ ಕ್ರೌಟರ್ ಪ್ರಮುಖರು. ಅವರು ಜುರಾಸಿಕ್ ಯುಗದ ಸ್ಪಂಜಿನ ಬಂಡೆಗಳನ್ನು ಅಭ್ಯಾಸ ಮಾಡಿದ ಪಳೆಯುಳಿಕೆ ವಿಜ್ಞಾನಿ. ಅಳಿದದ್ದನ್ನು ಕಲ್ಲಿನಲ್ಲಿ ಓದಿ ಬಲ್ಲವರಿಗೆ ಜೀವಂತವಾದದ್ದರ ಅರ್ಥ ಹೊಳೆಯಿತು. ಅಷ್ಟರಲ್ಲಿ ತಳವನ್ನು ಗುಡಿಸುವ ಟ್ರಾಲ್ ಬಲೆಗಳು ಅಲ್ಲಿನ ಸ್ಪಂಜುಗಳನ್ನು ಸಾಕಷ್ಟು ಪುಡಿಮಾಡಿದ್ದವು. 2017ರಲ್ಲಿ ಕೆನಡಾ ಸರ್ಕಾರ ಆ ಪ್ರದೇಶವನ್ನು ಸಂರಕ್ಷಿತ ಕಡಲ ಪ್ರದೇಶವೆಂದು ಘೋಷಿಸಿತು.

ಇದೆಲ್ಲ ಎಲ್ಲೋ ದೂರದ ಮಾತು, ಮುಂಬಯಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಹೆನ್ರಿ ಜಾನ್ ಕಾರ್ಟರ್ ಅವರನ್ನು ನೆನಪಿಸಬೇಕು. 1813ರಲ್ಲಿ ಹುಟ್ಟಿ 1895ರಲ್ಲಿ ತೀರಿಕೊಂಡ ಅವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಈ ಊರಿನಲ್ಲಿ ಬಹುಕಾಲ ಇದ್ದರು, ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಕಾರ್ಯದರ್ಶಿಯಾಗಿದ್ದರು, ಮುಂಬಯಿ ದ್ವೀಪದ ಭೂವಿಜ್ಞಾನದ ಬಗ್ಗೆ 1852ರಲ್ಲಿ ವಿಸ್ತಾರವಾಗಿ ಬರೆದರು. ಅವರ ಸ್ಪಂಜಿನ ಅಭ್ಯಾಸ ಶುರುವಾದದ್ದು 1840ರ ದಶಕದಲ್ಲಿ, ಈ ಊರಿನ ಕೆರೆಗಳ ಸಿಹಿನೀರಿನ ಸ್ಪಂಜುಗಳಿಂದ. ಆ ಕೆರೆಗಳಲ್ಲಿ ಹಲವನ್ನು ಆಮೇಲೆ ಮುಚ್ಚಿದರು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂದು ಬಸ್ಸಿನ ಕಂಡಕ್ಟರ್ ಕೂಗುವಾಗ ನನಗೆ ನೀರಿನದೇ ನೆನಪು ಬರುತ್ತದೆ. ಇಂಗ್ಲೆಂಡಿಗೆ ಮರಳಿದ ಮೇಲೆ ಕಾರ್ಟರ್ ಅವರು ಗ್ರೀನ್‌ಸ್ಯಾಂಡ್ ಎಂಬ ಶಿಲಾಪದರದ ಪಳೆಯುಳಿಕೆ ಮುಳ್ಳುಗಳನ್ನು ಬದುಕಿರುವ ಸ್ಪಂಜುಗಳ ಮುಳ್ಳುಗಳೊಂದಿಗೆ ಹೋಲಿಸಿ 1871ರಲ್ಲಿ ಲೇಖನ ಪ್ರಕಟಿಸಿದರು. 1873ರಲ್ಲಿ ಗಾಜಿನ ಸ್ಪಂಜುಗಳ ಬಗ್ಗೆಯೇ, ವಿಶೇಷವಾಗಿ ಆಫ್ರೋಕ್ಯಾಲಿಸ್ಟಿಸ್ ಮತ್ತು ಫ್ಯಾರಿಯ ಕುಲಗಳ ಬಗ್ಗೆ ಬರೆದರು. ಕೆನಡಾದ ದಿಬ್ಬಗಳನ್ನು ಕಟ್ಟುತ್ತಿರುವ ಮೂರು ಮುಖ್ಯ ಪ್ರಭೇದಗಳಲ್ಲಿ ಎರಡು ಈ ಎರಡು ಕುಲಗಳಿಗೇ ಸೇರಿದವು. ಮುಂಬಯಿಯ ಕೆರೆಯ ನೀರಿನಲ್ಲಿ ಪಳಗಿದ ಕಣ್ಣು ಅದು. ಈ ಊರಿನ ಕಾಲೇಜುಗಳಿಗೆ ಸ್ಪಂಜಿನ ಪಳೆಯುಳಿಕೆ ಪರಕೀಯವಲ್ಲ.

ನಮ್ಮ ನೆಲದ ಸ್ವಭಾವವನ್ನೂ ಇಲ್ಲಿ ಹೇಳಲೇಬೇಕು. ಮುಂಬಯಿ, ಪುಣೆ, ಘಟ್ಟದ ಈ ಭಾಗವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಪ್ಪು ಕಲ್ಲು. ಲಾವಾ ಪದರಗಳ ನಡುವಿನ ಕೆಸರಿನಲ್ಲಿ ವರಳಿ ಮತ್ತು ಮಲಬಾರ್ ಹಿಲ್ ಕಡೆ ಕಪ್ಪೆಯ, ಆಮೆಯ ಪಳೆಯುಳಿಕೆಗಳು ಸಿಕ್ಕಿವೆ, ಅವು ಸಿಹಿನೀರಿನವು. ಗಾಜಿನ ಸ್ಪಂಜಿಗೆ ಬೇಕಾದ ಪುರಾತನ ಕಡಲಿನ ಬಂಡೆ ಇಲ್ಲಿ ಇಲ್ಲ. ಕಚ್ಛದ ಜುಮಾರಾ ಗುಡ್ಡಗಳಲ್ಲಿ ಜುರಾಸಿಕ್ ಯುಗದ ಸ್ಪಂಜುಗಳಿವೆ. ಮಸ್ಸೂರಿಯ ಸುತ್ತಲಿನ ತಾಲ್ ಶಿಲಾಸ್ತರಗಳಲ್ಲಿ 50 ಕೋಟಿ ವರ್ಷಗಳಿಗೂ ಹಿಂದಿನ ಗಾಜುಮುಳ್ಳುಗಳು ಸಿಕ್ಕಿರುವುದಾಗಿ 1998ರಲ್ಲಿ ಅಧ್ಯಯನ ಪ್ರಕಟವಾಗಿದೆ. ಮುಂಬಯಿಯ ವಿದ್ಯಾರ್ಥಿ ಭಾನುವಾರ ಲೋಕಲ್ ಹಿಡಿದು ಹೋಗಿ ಆರಿಸಿಕೊಂಡು ಬರುವ ವಸ್ತು ಇದಲ್ಲ. ಹಾಗಾಗಿಯೇ ಹಿಂದಿನ ಅಧ್ಯಾಪಕರು ಹಡಗಿನಲ್ಲಿ ತರಿಸಿದರು, ಹುಲ್ಲು ಹತ್ತಿಯಲ್ಲಿ ಸುತ್ತಿಟ್ಟರು, ಒಂದೊಂದಕ್ಕೂ ಚೀಟಿ ಬರೆದರು. ಇಂದು ಅದನ್ನು ಎಸೆದರೆ ನಾಳೆ ಮತ್ತೆ ತರಿಸಲು ಯಾವ ಕಾಲೇಜಿನ ಬಜೆಟ್ಟಿನಲ್ಲಿಯೂ ಹಣ ಇರಲಾರದು, ಹಣವಿದ್ದರೂ ಮುಚ್ಚಿಹೋದ ಕ್ವಾರಿಯ ಮಾದರಿ ಮತ್ತೆ ದೊರಕಲಾರದು.

ತಮ್ಮಿಂದ ನಾನು ನಿರೀಕ್ಷಿಸುವುದು ಹೆಚ್ಚೇನಿಲ್ಲ. ವಿಭಾಗವನ್ನು ಮುಚ್ಚುವುದು ಅನಿವಾರ್ಯವಾಗಿದ್ದರೆ ಮುಚ್ಚಿ. ಆ ತೀರ್ಮಾನದ ಬಗ್ಗೆ ನನ್ನ ದುಃಖ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ಆದರೆ ಕಪಾಟು ಹೊರಗೆ ಹೋಗುವ ಮೊದಲು ಭೂವಿಜ್ಞಾನ ಬಲ್ಲವರೊಬ್ಬರನ್ನು ಕರೆಸಿ, ಡ್ರಾಯರ್‌ನಲ್ಲಿದ್ದ ಕ್ರಮದಲ್ಲೇ ಪ್ರತಿ ಮಾದರಿಯನ್ನೂ ಅದರ ಚೀಟಿಯೊಂದಿಗೆ ಮೊಬೈಲಿನಲ್ಲಿ ಚಿತ್ರ ತೆಗೆಸಿ, ಕಲ್ಲು ಮತ್ತು ಚೀಟಿ ಎರಡನ್ನೂ ಒಂದೇ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಸಿ. ಚೀಟಿ ಎಂದರೆ ಬರಿಯ ಕಾಗದವಲ್ಲ. ವೆಂಟ್ರಿಕ್ಯುಲೈಟಿಸ್ ಎಂಬ ಹೆಸರನ್ನು ಕಲ್ಲು ತಾನೇ ಹೇಳುತ್ತದೆ. ತನ್ನ ಊರನ್ನು, ತಾನು ಮಲಗಿದ್ದ ಪದರವನ್ನು, ತನ್ನನ್ನು ಎತ್ತಿದ ವರ್ಷವನ್ನು ಅದು ಹೇಳಲಾರದು, ಮತ್ತು ಆ ಮೂರೂ ಇಲ್ಲದ ಮಾದರಿಯನ್ನು ಸಂಶೋಧನೆಗೆ ಬಳಸಲು ಬರುವುದಿಲ್ಲ. ಹೀಗೆ ಕಟ್ಟಿದ ಪೆಟ್ಟಿಗೆಗಳನ್ನು ಭೂವಿಜ್ಞಾನ ವಿಭಾಗ ನಡೆಯುತ್ತಿರುವ ಇನ್ನೊಂದು ಕಾಲೇಜಿಗೋ, ವಿಶ್ವವಿದ್ಯಾಲಯಕ್ಕೋ, ಸಂಗ್ರಹಾಲಯಕ್ಕೋ ಬರಹದ ಮೂಲಕ ಹಸ್ತಾಂತರಿಸಿ. ಒಂದು ಕೋಣೆಯ ಕೆಲಸಕ್ಕೆ ನಾಲ್ಕೈದು ದಿನ ಸಾಕು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಎಂದರೆ ಕಾಲೇಜಿನ ಸಾಮಾನುಗಳ ದಾಖಲೆ ಪುಸ್ತಕದಲ್ಲಿ, ಕಪಾಟಿಗೆ ಇರುವಂತೆ ಕಲ್ಲಿಗೂ ಒಂದು ಸಾಲು ಇರಬೇಕು. ಆ ಸಾಲು ಇಲ್ಲದ್ದರಿಂದಲೇ ನಮ್ಮ ಚೀಲಗಳು ಮಳೆಯಲ್ಲಿ ನಿಂತವು.

ಕನ್ನಡ ಬಾಂಧವರೇ, ತಮ್ಮಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರಿದ್ದೀರಿ, ಶಿಕ್ಷಣ ಸಂಸ್ಥೆಗಳ ಟ್ರಸ್ಟಿಗಳಾಗಿದ್ದೀರಿ, ಅಧ್ಯಾಪಕರಿದ್ದೀರಿ. ತಾವು ಓದಿದ ಕಾಲೇಜಿಗೆ ಮುಂದಿನ ಸಲ ಹೋದಾಗ ಭೂವಿಜ್ಞಾನದ ಕಪಾಟು ಎಲ್ಲಿದೆ ಎಂದು ದಯವಿಟ್ಟು ಒಮ್ಮೆ ಕೇಳಿ. ಹೊರಗಿನವರು ಕೇಳಿದರೆ ಸಾಕು, ಒಳಗಿನವರಿಗೆ ಅದು ಬೆಲೆಯುಳ್ಳದ್ದು ಎಂದು ತೋರುತ್ತದೆ. ನಮ್ಮ ಸಂಘಗಳು ವರ್ಷದಲ್ಲಿ ಒಂದು ಭಾನುವಾರ ಸಭಾಗೃಹವನ್ನು ಬಿಟ್ಟುಕೊಟ್ಟರೆ, ಇಂತಹ ಪಳೆಯುಳಿಕೆಗಳನ್ನು ಮಕ್ಕಳು ಲೆನ್ಸ್ ಹಿಡಿದು ನೋಡುವಂತೆ ಜೋಡಿಸಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ವಿವರಣೆ ಬರೆದಿಡಲು ನಾನೂ, ನನ್ನಂತೆ ನಿವೃತ್ತರಾದ ಕೆಲವು ಮಿತ್ರರೂ ಸಿದ್ಧರಿದ್ದೇವೆ. ಚೀಟಿ ಓದಲು ಬಾರದೆ ತೊಂದರೆಯಾಗಿರುವ ಕಾಲೇಜುಗಳಿಗೂ ಬಂದು ಗುರುತಿಸಿಕೊಡುತ್ತೇವೆ. ಪ್ರಯಾಣದ ಖರ್ಚೂ ಬೇಡ.

ಕೊನೆಯದಾಗಿ, ನಾನು ಕಲಿಸಿದ ಕಾಲೇಜಿನ ಕಚೇರಿಯವರಿಗೆ ಒಂದು ಮಾತು. ನನ್ನ ಬಳಿ ಇರುವ ಕಲ್ಲಿನ ಬುಡದಲ್ಲಿ, ಬೇರಿನಂತಹ ಕವಲಿನ ಪಕ್ಕ, ಭಾರತೀಯ ಮಸಿಯಲ್ಲಿ 217 ಎಂಬ ಅಂಕಿ ಇದೆ. ಆ ಡ್ರಾಯರ್‌ನಲ್ಲಿ ಒಂದೇ ರೂಪದ ಮೂರು ವೆಂಟ್ರಿಕ್ಯುಲೈಟಿಸ್‌ಗಳಿದ್ದವು, ಮೂರೂ ಬೇರೆ ಬೇರೆ ಕ್ವಾರಿಗಳವು, ಮತ್ತು ಯಾವುದು ಎಲ್ಲಿಯದು ಎಂಬುದು ನೀಲಿ ರಟ್ಟಿನ ಉದ್ದನೆಯ ಕ್ಯಾಟಲಾಗ್ ಪುಸ್ತಕದಲ್ಲಿತ್ತು. ನಾನು ನಿವೃತ್ತನಾದ ದಿನ ಆ ಪುಸ್ತಕವನ್ನು ಪ್ರಯೋಗಶಾಲೆಯ ಕೀಲಿಕೈ ಜೊತೆಗೆ ಕಚೇರಿಗೆ ಒಪ್ಪಿಸಿ ಸಹಿ ಪಡೆದಿದ್ದೇನೆ. ಅದು ಲೆಕ್ಕಪತ್ರಗಳ ಕಪಾಟಿನ ಮೇಲೋ, ಹಳೆಯ ಹಾಜರಿ ಪುಸ್ತಕಗಳ ಕಟ್ಟಿನಲ್ಲೋ ಇರಬೇಕು. ದಯಮಾಡಿ ಹುಡುಕಿಸಿ. ಪುಸ್ತಕ ಸಿಕ್ಕ ದಿನ ಕಲ್ಲನ್ನು ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಅಧ್ಯಾಪಕ,
ಡೊಂಬಿವಲಿ